ಐದು ಸಾಲಿನ ಮಹಜರು

ಬೈರಾಪಟ್ಟಣದ ಅನಂತರಾಜು ಇಂಗ್ಲಿಷ್ ಕಲಿಯಲು ನನ್ನ ಮನೆಗೆ ಬಂದದ್ದು ಒಂದು ಸಣ್ಣ ಸುಳ್ಳಿನ ದೆಸೆಯಿಂದ. ಆ ಸುಳ್ಳನ್ನು ಅವನು ಹೇಳಿದ್ದು ತನ್ನ ಹೆಂಡತಿಗೆ, ಅದೂ ಕಾಯಿನ್ ಫೋನಿನಲ್ಲಿ, ಮಾತು ಕಡಿದುಹೋಗಲು ಹತ್ತೇ ಸೆಕೆಂಡು ಬಾಕಿ ಇದ್ದಾಗ. ಅಷ್ಟು ಅವಸರದಲ್ಲಿ ನಿಜ ಹೇಳುವವರನ್ನು ನಾನಂತೂ ಕಂಡಿಲ್ಲ. ಆದ್ದರಿಂದ ಅವನನ್ನು ತಪ್ಪಿತಸ್ಥ ಎಂದು ಆಗಲೂ ಅನ್ನಲಿಲ್ಲ, ಈಗಲೂ ಅನ್ನುವುದಿಲ್ಲ.

ಅದು ಎರಡು ಸಾವಿರದ ಆರನೇ ಇಸವಿ. ಅವನ ಹೆಂಡತಿ ವೆಂಕಟಲಕ್ಷ್ಮಮ್ಮ ತಂಗಿ ಲತಾಮಣಿಯ ಬಾಣಂತನಕ್ಕೆಂದು ಕನಕಪುರಕ್ಕೆ ಹೋಗಿದ್ದಳು. ಮೂರು ತಿಂಗಳು ಎಂದು ಹೇಳಿ ಹೋದವಳು. ಮೂರು ತಿಂಗಳು ಕಳೆಯಿತು, ಮಗು ಬೋರಲು ಬಿತ್ತು, ಕೂತಿತು, ಎರಡು ಹಲ್ಲೂ ಬಂದವು. ವೆಂಕಟಲಕ್ಷ್ಮಮ್ಮ ಬರಲಿಲ್ಲ. ತಂಗಿಯ ಬೀದಿಯ ತುದಿಗೆ ದಿನಾ ಬೆಳಿಗ್ಗೆ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯ ವ್ಯಾನು ಬರುತ್ತಿತ್ತು. ಊರಿನಲ್ಲಿ ರವಿಕೆ ಹೊಲಿದು ಅಭ್ಯಾಸವಿದ್ದ ಹೆಂಗಸು ಒಂದು ದಿನ ಹೇಗಿದೆಯೋ ನೋಡೋಣ ಎಂದು ಹತ್ತಿದಳು, ಮಿಷನ್ನಿನ ಮುಂದೆ ಕೂತಳು, ಕೂತೇ ಬಿಟ್ಟಳು.

ಗಂಡಹೆಂಡಿರಿಗೆ ಜಗಳವೇನೂ ಆಗಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಜಗಳವಾಗಿದ್ದರೆ ಅದಕ್ಕೊಂದು ದಾರಿಯಿದೆ. ಊರಿನ ನಾಲ್ಕು ಜನ ಹಿರಿಯರು ಹೂವು ಹಣ್ಣು ಹಿಡಿದುಕೊಂಡು ಹೋಗಿ, ಆ ಕಡೆಯ ನಾಲ್ಕು ಜನರ ಜೊತೆ ಜಗುಲಿಯ ಮೇಲೆ ಕೂತು, ಗಂಡನಿಗೊಂದಿಷ್ಟು ಹೆಂಡತಿಗೊಂದಿಷ್ಟು ಬುದ್ಧಿ ಹೇಳಿ, ಊಟ ಮುಗಿಸಿ, ಹೆಣ್ಣುಮಗಳನ್ನು ಕರೆದುಕೊಂಡು ಬರುತ್ತಾರೆ. ಜಗಳವೇ ಆಡದೆ ಹೋದವಳನ್ನು ಕರೆತರುವುದಕ್ಕೆ ನಮ್ಮ ಕಡೆ ಯಾವ ಪದ್ಧತಿಯೂ ಇಲ್ಲ. ಹೋದ ಹಿರಿಯರು ಯಾವ ವಿಷಯ ಎತ್ತಿಕೊಂಡು ಮಾತಾಡಬೇಕು?

ಅವನೇ ಒಂದು ಸಲ ‘ಬಾ’ ಅಂದಿದ್ದರೆ ಬರುತ್ತಿದ್ದಳೇನೋ. ಅವನು ಅನ್ನಲಿಲ್ಲ. ಫೋನಿದ್ದದ್ದು ಶುಕೂರನ ಸೈಕಲ್ ಶಾಪಿನಲ್ಲಿ. ಶುಕೂರ್ ಒಳ್ಳೆಯ ಮನುಷ್ಯ. ಭಾನುವಾರ ಬೆಳಿಗ್ಗೆ ಅನಂತರಾಜು ನಾಣ್ಯ ಹಿಡಿದು ಬರುವುದು ಕಂಡರೆ ಸಾಕು, ಸರಿಯಾಗಿಯೇ ಇರುವ ಯಾವುದೋ ಟ್ಯೂಬನ್ನು ತೆಗೆದುಕೊಂಡು, ಬೆನ್ನು ತಿರುಗಿಸಿ, ನೀರಿನ ತೊಟ್ಟಿಯಲ್ಲಿ ಅದ್ದಿ ಪಂಕ್ಚರ್ ಹುಡುಕತೊಡಗುವನು. ಆದರೆ ಶಾಪಿನ ಮುಂದಿನ ಬೆಂಚಿನ ಮೇಲೆ ಯಾವಾಗಲೂ ನಾಲ್ಕು ಜನ ಕೂತಿರುತ್ತಿದ್ದರು. ಅವರು ರೇಡಿಯೊ ಆರಿಸಿ ಕೇಳಿಸಿಕೊಳ್ಳುತ್ತಿದ್ದರು.

"ಉಂಡ್ರಾ?" ಎಂದು ಆ ಕಡೆಯಿಂದ ವೆಂಕಟಲಕ್ಷ್ಮಮ್ಮ.

"ಉಂಡೆ."

"ಹಸ ಹೆಂಗೈತೆ?"

"ಐತೆ. ಕರ ಹಾಕ್ತು."

"ಯಾವಾಗ?"

"ಹೋದ ತಿಂಗ್ಳು."

"ಮತ್ತೆ ಹೇಳ್ಳೇ ಇಲ್ವಲ್ಲ."

"ನೀನ್ ಕೇಳ್ಲಿಲ್ಲ."

ಎಂಟು ತಿಂಗಳು ಹೀಗೆಯೇ ನಡೆಯಿತು. ಒಂದು ಭಾನುವಾರ ವೆಂಕಟಲಕ್ಷ್ಮಮ್ಮ ತಾನಾಗಿಯೇ ಒಂದು ಸುದ್ದಿ ಹೇಳಿದಳು. "ನಮ್ ಲೈನಲ್ಲಿ ಎಲ್ಲಾ ಇಂಗ್ಲಿಷೇ ಕಣ್ರಿ. ಸೂಪರ್‌ವೈಸರು ಬಂದು ಟಾರ್ಗೆಟ್ಟು, ಆಲ್ಟ್ರೇಶನ್ನು, ರಿಜೆಕ್ಟು ಅಂತಾರೆ. ನಂಗೂ ಎಲ್ಲಾ ಬಂದ್ಬುಟ್ಟದೆ." ಅವಳ ದನಿಯಲ್ಲಿ ಅಷ್ಟು ಸಂತೋಷವನ್ನು ಅವನು ಎಂದೂ ಕೇಳಿರಲಿಲ್ಲವಂತೆ. ತಾನೂ ಅಷ್ಟೇ ದೊಡ್ಡದು ಏನಾದರೂ ಹೇಳಬೇಕು ಅನ್ನಿಸಿತು. ಫೋನು ಕುಯ್‌ಗುಡತೊಡಗಿತು.

"ನಾನೂ ಇಂಗ್ಲಿಷ್ ಕ್ಲಾಸಿಗೆ ಹೋಯ್ತಾ ಇವ್ನಿ," ಅಂದುಬಿಟ್ಟ. ಮಾತು ಕಡಿಯಿತು. ತಿರುಗಿ ನೋಡಿದರೆ ಬೆಂಚಿನ ನಾಲ್ವರೂ ಅವನನ್ನೇ ನೋಡುತ್ತಿದ್ದರು. ಸುಳ್ಳಿಗೆ ನಾಲ್ಕು ಸಾಕ್ಷಿ ಹುಟ್ಟಿಕೊಂಡ ಮೇಲೆ ಅದನ್ನು ನಿಜ ಮಾಡುವುದೊಂದೇ ಉಳಿದ ದಾರಿ.

ಶುಕೂರನ ಮಗಳು ನಿಖಾತ್ ನನ್ನ ವಿದ್ಯಾರ್ಥಿನಿ. ಚನ್ನಪಟ್ಟಣದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಹೇಳಿಕೊಟ್ಟು ನಾನು ನಿವೃತ್ತಳಾಗಿದ್ದೆ. ಶುಕೂರ್ ನನ್ನ ವಿಳಾಸ ಕೊಟ್ಟ. ಮಾರನೆಯ ದಿನವೇ ನಲವತ್ತೈದು ದಾಟಿದ, ಮಗಳನ್ನು ಮಾಗಡಿಗೆ ಮದುವೆ ಮಾಡಿ ಕೊಟ್ಟಿರುವ ವಿದ್ಯಾರ್ಥಿಯೊಬ್ಬ ಸೈಕಲ್ಲಿನ ಹಿಂದೆ ನುಗ್ಗೆಕಾಯಿಯ ಕಟ್ಟು ಇಟ್ಟುಕೊಂಡು ನನ್ನ ಗೇಟಿನ ಮುಂದೆ ನಿಂತಿದ್ದ.

ಮಂಗಳವಾರ, ಶನಿವಾರ, ನಾಲ್ಕು ಗಂಟೆಗೆ ಪಾಠ. ಎಸ್ಸೆಸ್ಸೆಲ್ಸಿಯವರೆಗೆ ಹೋಗಿ ಬಂದಿದ್ದವನಾದ್ದರಿಂದ ಅಕ್ಷರಗಳ ಪರಿಚಯವಿತ್ತು. ಒಂದು ತಿಂಗಳಲ್ಲಿ ಸಣ್ಣ ವಾಕ್ಯಗಳಿಗೆ ಬಂದೆವು. ಒಂದು ಶನಿವಾರ ನನ್ನ ಹುಡುಗಿಯರೆಲ್ಲ ತಪ್ಪುತ್ತಿದ್ದ ಪಾಠ ಎತ್ತಿಕೊಂಡೆ. ಮಾಡುವ ಕೆಲಸವೇ ವಾಕ್ಯದ ಯಜಮಾನನಾಗಿ ಮುಂದೆ ನಿಂತಾಗ ಕ್ರಿಯಾಪದ ಏಕವಚನವೋ ಬಹುವಚನವೋ ಎಂಬ ಪ್ರಶ್ನೆ.

"ಹತ್ತು ಎಮ್ಮೆ ಕಾಯುವುದು ಕಷ್ಟ ಅನ್ನುತ್ತೇವೆ," ಎಂದು ಶುರು ಮಾಡಿದೆ. "ಇಲ್ಲಿ ಕಷ್ಟ ಅಂತ ಹೇಳುತ್ತಿರುವುದು ಎಮ್ಮೆಯನ್ನೋ, ಕಾಯುವುದನ್ನೋ?"

"ಕಾಯೋದ್ನ."

"ಎಮ್ಮೆ ಹತ್ತು. ಕಾಯುವುದು ಎಷ್ಟು?"

"ಒಂದೇ."

"ಇಂಗ್ಲಿಷಿನಲ್ಲೂ ಒಂದೇ. ಪಕ್ಕದಲ್ಲಿ ಹತ್ತು ಎಮ್ಮೆ ನಿಂತಿವೆ ಅಂತ ಮೋಸಹೋಗಿ ‘ಆರ್’ ಹಾಕಬಾರದು. ‘ಈಸ್’ ಹಾಕಬೇಕು. ಕಾಯುವುದು ಒಂದು, ಹಾಲು ಕರೆಯುವುದು ಇನ್ನೊಂದು, ಹೀಗೆ ಎರಡು ಕೆಲಸ ಕೂಡಿದರೆ ಆಗ ‘ಆರ್’."

ಅನಂತರಾಜು ಕಿಟಕಿಯ ಆಚೆ ನೋಡಿದ. "ಅಂದ್ರೆ ಮೇಡಂ, ದಿನಾ ಎಷ್ಟು ಬಸ್ ನೋಡುದ್ರೂ ನೋಡೋದು ಒಂದೇ."

"ಒಂದೇ."

"ಅದು ಸರಿ," ಅಂದ. ಮೂವತ್ತೊಂದು ವರ್ಷದಲ್ಲಿ ಈ ನಿಯಮವನ್ನು ಅಷ್ಟು ದುಃಖದಿಂದ ಒಪ್ಪಿಕೊಂಡ ವಿದ್ಯಾರ್ಥಿಯನ್ನು ನಾನು ಕಂಡಿರಲಿಲ್ಲ.

ಐದು ವಾಕ್ಯ ಸ್ವಂತವಾಗಿ ಮಾಡಿಕೊಂಡು ಬರಲು ಹೇಳಿದೆ. ಜೊತೆಗೆ ನಾನು ಎಲ್ಲರಿಗೂ ಹೇಳುವ ಒಂದು ಮಾತನ್ನೂ ಹೇಳಿದೆ. "ದಿನಾ ಕಣ್ಣಿಗೆ ಬೀಳುವ ಕಡೆ ಬರೆದುಕೋ." ನನ್ನ ಹುಡುಗಿಯರು ಕನ್ನಡಿಯ ಪಕ್ಕ ಚೀಟಿ ಅಂಟಿಸಿಕೊಳ್ಳುತ್ತಿದ್ದರು. ಮನೆಯ ಮುಂದಿನ ಗೋಡೆಯ ಮೇಲೆ ಬರೆದವರು ಯಾರೂ ಇರಲಿಲ್ಲ. ಅನಂತರಾಜು ಬರೆದ. ಮೊದಲು ಸೀಮೆಸುಣ್ಣದಲ್ಲಿ ಬರೆದನಂತೆ. ಎರಡು ಸಾಲನ್ನು ಹಸು ನೆಕ್ಕಿತು, ಮೂರನೆಯದನ್ನು ಕರು. ಆಗ ಕಿಟಕಿಯ ಸರಳಿಗೆ ಬಳಿದು ಉಳಿದಿದ್ದ ಕೆಂಪು ಪೇಂಟು ತಂದು, ಬಾಗಿಲ ಪಕ್ಕದಲ್ಲಿ, ಗೇಣುದ್ದದ ಅಕ್ಷರಗಳಲ್ಲಿ, ಐದು ಸಾಲು.

ಆ ವರ್ಷ ನಮ್ಮ ಸೀಮೆಯಲ್ಲಿ ಗೋಡೆಯ ಮೇಲೆ ಕೆಂಪು ಬರಹ ಬಿದ್ದರೆ ಅದಕ್ಕೆ ಒಂದೇ ಅರ್ಥವಿತ್ತು. ಬಿಡದಿಯ ಕಡೆಯಿಂದ ಫ್ಯಾಕ್ಟರಿಗಳ ಕಾಂಪೌಂಡುಗಳು ಒಂದೊಂದೇ ಹೊಲ ದಾಟಿ ಬರುತ್ತಿದ್ದವು. ಮೂರು ಕಾಲಿನ ಯಂತ್ರ ಹೊತ್ತ ಸರ್ವೆಯವರು ಬಂದು, ಕಲ್ಲಿಗೆ, ಮರಕ್ಕೆ, ಮನೆಯ ಮೂಲೆಗೆ ಕೆಂಪು ಬಣ್ಣದಲ್ಲಿ ಏನೋ ಬರೆದು ಹೋಗುವರು. ಬರಹದ ಹಿಂದೆ ನೋಟೀಸು ಬರುವುದು, ನೋಟೀಸಿನ ಹಿಂದೆ ಜೆಸಿಬಿ. ಜಾಗ ಹೋದವರಿಗೆ ಮನೆಗೊಂದು ಕೆಲಸ ಕೊಡುತ್ತಾರಂತೆ ಎಂದು ಕಾಯುವವರು ಇದ್ದರು, ಹೆದರುವವರೂ ಇದ್ದರು. ಬರೆದದ್ದೇನು ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಎದುರುಮನೆಯ ದೊಡ್ಡಹನುಮಯ್ಯ ಹಲ್ಲುಜ್ಜುತ್ತ ಹೊರಗೆ ಬಂದವರು ಬಾಯಿ ಮುಕ್ಕಳಿಸದೆ ಹಾಗೆಯೇ ನಿಂತರು.

"ಏನ್ಲಾ ಅನಂತ, ನಿನ್ ಮನೆ ತಗಂಡವ್ರಾ?"

ನಿಜ ಹೇಳಬೇಕಾದರೆ ಅಲ್ಲಿ ಬರೆದದ್ದನ್ನು ಓದಿ ಹೇಳಬೇಕಾಗುತ್ತಿತ್ತು. ಅನಂತರಾಜುವಿನ ಕಿವಿ ಕೆಂಪಾಯಿತು. "ಮೇಡಂ ಬರಿಯೋಕೆ ಹೇಳವ್ರೆ ಕಣಣ್ಣ," ಅಂದ.

"ಯಾವ ಮೇಡಂ?"

"ಚನ್ನಪಟ್ಟಣದ ಮೇಡಂ."

"ನಿನ್ ಕೈಲೇ ಬರ್ಸುದ್ರಾ?"

"ಹೂಂ. ನಾಳಿಕ್ಕೆ ತಂದು ತೋರ್ಸು ಅಂದವ್ರೆ."

ಮಧ್ಯಾಹ್ನದ ಹೊತ್ತಿಗೆ ನಾನು ತಾಲ್ಲೂಕಿಗೆ ಹೊಸದಾಗಿ ಬಂದಿರುವ ಕಟ್ಟುನಿಟ್ಟಿನ ಅಧಿಕಾರಿಯಾಗಿದ್ದೆ. ಪೇಂಟಿನ ಖರ್ಚನ್ನೂ ಮನೆಯವರ ಮೇಲೆಯೇ ಹಾಕುವ, ಮನೆಯವರ ಕೈಯಿಂದಲೇ ಬರೆಸುವ ಹೆಂಗಸು. ಕೆಲವರು ನನ್ನನ್ನು ಬೈದರು. ಕೆಲವರು ಸರ್ಕಾರ ನಡೆಯಬೇಕಾದರೆ ಇಂಥವರೇ ಬೇಕು ಅಂದರು.

ಮಂಗಳವಾರ ಅನಂತರಾಜು ಪಾಠಕ್ಕೆ ಬಂದ. ನೋಟ್‌ಬುಕ್ಕಿನಲ್ಲಿ ಐದು ವಾಕ್ಯ ತೋರಿಸಿದ. ಗೋಡೆಯ ವಿಷಯ ಚಕಾರವೆತ್ತಲಿಲ್ಲ. ನಾನು ಐದನ್ನೂ ಓದಿದೆ. ಎಲ್ಲ ಕಡೆ ‘ಈಸ್’ ಸರಿಯಾಗಿ ಬಿದ್ದಿತ್ತು. ಮತ್ತೊಂದು ಸಲ ಓದಿದೆ. ಹೇಳಬೇಕಾದ್ದು ವ್ಯಾಕರಣದ ಆಚೆ ಇತ್ತು, ಅದು ನನ್ನ ಅಧಿಕಾರದ ಸೀಮೆಯಲ್ಲ. ಐದು ಸರಿ ಗುರುತು ಹಾಕಿ, ಒಂದು ಲೋಟ ಕಾಫಿ ಜಾಸ್ತಿ ಕೊಟ್ಟು ಕಳಿಸಿದೆ.

ಊರಿನಲ್ಲಿ ಅಷ್ಟು ಹೊತ್ತಿಗೆ ದೊಡ್ಡಹನುಮಯ್ಯನವರ ಜಗುಲಿಯ ಮೇಲೆ ಸಭೆ ಕೂತಿತ್ತು.

"ಒಂದ್ ಮನೆ ಜಾಗದಲ್ಲಿ ಯಾರಾದ್ರೂ ಫ್ಯಾಕ್ಟ್ರಿ ಕಟ್ತಾರೇನ್ಲಾ?" ಎಂದು ಅವರು ಕೇಳಿದರು. "ಅವನ್ ಮನೆ ಹೋಗಿ ನಂದ್ ಉಳುದ್ರೆ, ಫ್ಯಾಕ್ಟ್ರಿ ಕಕ್ಕಸು ನನ್ ಬಾಗ್ಲಿಗೆ ಬತ್ತದೆ. ಕೆಲ್ಸ ಅವನಿಗೆ, ವಾಸ್ನೆ ನನಗೆ."

"ಮೇಡಂನ ಹೋಗಿ ಕೇಳಾಣ್ವಾ?"

"ಕೇಳುದ್ರೆ ಇಲ್ಲ ಅಂತಾರೆ. ಬರ್ಕಂಡ್ ಬುಟ್ರೆ ಆಯ್ತು. ಇರೋದ್ನ ಅಳಿಸ್ಬೇಕಾದ್ರೆ ಅವ್ರೂ ಒಂದ್ ಆರ್ಡ್ರು ತರ್ಬೇಕು."

ಈ ವಾದದಲ್ಲಿ ಹುಳುಕು ಹುಡುಕಲು ಯಾರಿಂದಲೂ ಆಗಲಿಲ್ಲ. ಗುರುವಾರ ಸಂಜೆಯೊಳಗೆ ಹನ್ನೊಂದು ಮನೆಗಳ ಗೋಡೆಯ ಮೇಲೆ ಅನಂತರಾಜುವಿನ ಹೋಮ್‌ವರ್ಕ್ ಕೆಂಪಾಗಿ ಎದ್ದು ನಿಂತಿತು. ಅವನ ಮೂರನೆಯ ಸಾಲಿನಿಂದ ಪೇಂಟು ಸೋರಿ ಉದ್ದಕ್ಕೊಂದು ಗೆರೆ ಇಳಿದಿತ್ತು. ಹನ್ನೊಂದು ಮನೆಯವರೂ ಆ ಗೆರೆಯನ್ನು ಬಿಡದೆ, ಅಳತೆ ಹಿಡಿದು ಎಳೆದಿದ್ದರು. ಹಾಲಿನ ಡೈರಿಯ ಗೋಡೆಯ ಮೇಲೂ ಬರೆದರು, ಅದು ಊರಿನ ಆಸ್ತಿಯಲ್ಲವೇ.

ಅನಂತರಾಜು ತಡೆಯಲು ಹೋಗಲಿಲ್ಲವೇ ಎಂದು ನಾನು ಆಮೇಲೆ ಕೇಳಿದೆ. ಹೋಗಿದ್ದನಂತೆ. ಆದರೆ ದೊಡ್ಡಹನುಮಯ್ಯನವರ ಗೋಡೆಯ ಮುಂದೆ ನಿಂತಾಗ ಒಂದು ಕಡೆ ಅಕ್ಷರ ಬಿಟ್ಟುಹೋಗಿರುವುದು ಕಂಡಿತು. "ಬಸಸ್‌ಗೆ ಕೊನೇಲಿ ಇನ್ನೊಂದ್ ಎಸ್ ಬೇಕು ಕಣಣ್ಣ," ಎಂದು ಬಾಯಿಗೆ ಬಂತು. ಅವರು ಬ್ರಷ್ಷು ಅವನ ಕೈಗೇ ಕೊಟ್ಟರು. ಅಲ್ಲಿಂದ ಮುಂದೆ ಎಲ್ಲ ಮನೆಯವರೂ ಕರೆದು ತಿದ್ದಿಸಿಕೊಂಡರು. ಹೆಂಡತಿ ಹೋದ ಮೇಲೆ ಜನ ಅವನನ್ನು ಹುಡುಕಿಕೊಂಡು ಬಂದು ಕೂರಿಸಿ ಟೀ ಕೊಟ್ಟದ್ದು ಅದೇ ಮೊದಲು. ಬೇಡ ಅನ್ನಲು ಮನಸ್ಸು ಬರಲಿಲ್ಲ ಮೇಡಂ, ಅಂದ.

ಶುಕ್ರವಾರ ರೆವಿನ್ಯೂ ಇನ್ಸ್‌ಪೆಕ್ಟರು ಬಂದರು. ಕೈ ಹಿಂದೆ ಕಟ್ಟಿಕೊಂಡು ಮೂರು ಮನೆಗಳ ಗೋಡೆಯನ್ನು ನಿಧಾನವಾಗಿ ನೋಡಿದರು. ಇಂಗ್ಲಿಷ್ ಎನ್ನುವುದು ಗೊತ್ತಾಯಿತು, ಸರ್ಕಾರದ ಇಂಗ್ಲಿಷ್ ಅಲ್ಲ ಎನ್ನುವುದೂ ಗೊತ್ತಾಯಿತು. ಆದರೆ ಸುತ್ತಲೂ ಜನ ನಿಂತಿರುವಾಗ ಅಧಿಕಾರಿಯಾದವರು ಇದೇನು ಎಂದು ಕೇಳುವ ಹಾಗಿಲ್ಲ. ಡೈರಿಯ ಫೋನಿನಿಂದ ಒಂದು ಕಚೇರಿಗೆ ಮಾತಾಡಿದರು. ಅಲ್ಲಿಯವರು ನಮ್ಮದಲ್ಲ, ಇನ್ನೊಂದು ಇಲಾಖೆಯವರದಿರಬೇಕು ಅಂದರು. ಆ ಇಲಾಖೆಯವರು ಮತ್ತೊಂದರ ಕಡೆ ಕೈ ತೋರಿಸಿದರು. ಮತ್ತೊಂದರವರು ಲಿಖಿತವಾಗಿ ಕೇಳಿ ಅಂದರು. ಇನ್ಸ್‌ಪೆಕ್ಟರು ಕರವಸ್ತ್ರದಿಂದ ಮುಖ ಒರೆಸಿಕೊಂಡು, "ನಾಳೆ ಬೆಳಿಗ್ಗೆ ಸ್ಥಳ ಮಹಜರು. ಆ ಮೇಡಂನೂ ಕರೆಸಿ," ಎಂದು ಹೇಳಿ ಹೋದರು. ಮಹಜರು ಎಂದರೆ ಸ್ಥಳಕ್ಕೇ ಬಂದು, ಕಂಡದ್ದನ್ನೂ ಕೇಳಿದ್ದನ್ನೂ ಜನರ ಎದುರಿನಲ್ಲಿ ಬರೆದು, ಸಾಕ್ಷಿಗಳ ಸಹಿ ಹಾಕಿಸುವುದು. ಒಮ್ಮೆ ಬರೆದರೆ ಮುಗಿಯಿತು, ಅಳಿಸುವಂತಿಲ್ಲ.

ಅಂದು ಸಂಜೆಯೇ ಶುಕೂರ್ ತನ್ನ ಫೋನಿಗೆ ತಾನೇ ನಾಣ್ಯ ಹಾಕಿ ಕನಕಪುರಕ್ಕೆ ಮಾತಾಡಿದ. "ಅಕ್ಕ, ನಿಮ್ಮನೆ ಗೋಡೆ ಮ್ಯಾಲೆ ಕೆಂಪು ಬರಹ ಬಂದ್ಬುಟ್ಟೈತೆ. ನಾಳಿಕ್ಕೆ ಮಹಜರಂತೆ. ಒಂದ್ಸಲ ಬಂದು ನೋಡ್ಕಂಡು ಹೋಗಿ."

ಶನಿವಾರ ಹನ್ನೊಂದು ಗಂಟೆಗೆ ನನ್ನ ಮನೆಯ ಮುಂದೆ ಜೀಪು ನಿಂತಿತು. ಮೇಡಂ ಅಂದರೆ ನೀವೇನಾ ಎಂದು ಡ್ರೈವರು ನನ್ನನ್ನೂ ನನ್ನ ಕೊಡೆಯನ್ನೂ ಎರಡೆರಡು ಸಲ ನೋಡಿದ. ಬೈರಾಪಟ್ಟಣದಲ್ಲಿ ಇಳಿದಾಗ ಇನ್ಸ್‌ಪೆಕ್ಟರು ಕುರ್ಚಿಯಿಂದ ಎದ್ದು ನಿಂತು ನಮಸ್ಕಾರ ಮಾಡಿ ಆ ಕುರ್ಚಿಯನ್ನು ನನಗೇ ಕೊಟ್ಟರು. ನಾನು ಅಧಿಕಾರಿಯಲ್ಲ, ರಿಟೈರಾದ ಮೇಷ್ಟ್ರಮ್ಮ ಎಂದು ಎರಡು ನಿಮಿಷದಲ್ಲಿ ತಿಳಿಯಿತು. ಆದರೂ ಅವರು ಕುರ್ಚಿಯನ್ನು ವಾಪಸ್ಸು ಕೇಳಲಿಲ್ಲ. ಇಡೀ ಮಹಜರನ್ನು ನಿಂತೇ ನಡೆಸಿದರು. ನನಗೆ ಅವರ ಮೇಲೆ ಆಗಲೇ ಗೌರವ ಹುಟ್ಟಿತು.

ಸುತ್ತ ಊರೆಲ್ಲ ನೆರೆದಿತ್ತು. ಗ್ರಾಮ ಲೆಕ್ಕಿಗರು ಪ್ಯಾಡಿನ ಮೇಲೆ ಬರೆದುಕೊಂಡು ಗಟ್ಟಿಯಾಗಿ ಓದಿದರು. "ಸದರಿ ಅನಂತರಾಜು ಎಂಬುವರ ವಾಸದ ಮನೆಯ ಮುಂಭಾಗದ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಐದು ಸಾಲು ಇಂಗ್ಲಿಷ್ ಬರಹ ಇರುವುದು ಕಂಡುಬಂದಿರುತ್ತದೆ."

"ಏನಪ್ಪ ಬರೆದಿರೋದು?" ಇನ್ಸ್‌ಪೆಕ್ಟರು ಕೇಳಿದರು. "ಕನ್ನಡದಲ್ಲಿ ಹೇಳು. ಮಹಜರು ಕನ್ನಡದಲ್ಲೇ ಆಗಬೇಕು."

ಅನಂತರಾಜು ನನ್ನ ಕಡೆ ನೋಡಿದ. ಪರೀಕ್ಷೆಯ ಹಾಲಿನಲ್ಲಿ ಹುಡುಗಿಯರು ನೋಡುತ್ತಿದ್ದ ನೋಟ ಅದು. ನಾನೇ ಏನಾದರೂ ಹೇಳಿ ಮುಗಿಸೋಣ ಎಂದು ಬಾಯಿ ತೆರೆದೆ. ಇನ್ಸ್‌ಪೆಕ್ಟರು ಕೈ ಎತ್ತಿ, "ತಾವಲ್ಲಮ್ಮ. ಬರೆದವರೇ ಹೇಳಿಕೆ ಕೊಡಬೇಕು," ಅಂದರು.

ಆಗಲೇ ಬೀದಿಯ ತುದಿಯಲ್ಲಿ ಆಟೊ ನಿಂತದ್ದು. ಒಬ್ಬ ಹೆಂಗಸು ವೈರ್ ಬ್ಯಾಗು ಹಿಡಿದು ಓಡೋಡಿ ಬಂದು ಹೆಂಗಸರ ಗುಂಪಿನ ಹಿಂದೆ ನಿಂತಳು. ಕೊರಳಲ್ಲಿ ಫ್ಯಾಕ್ಟರಿಯ ಐಡಿ ಕಾರ್ಡು ಹಾಗೆಯೇ ತೂಗುತ್ತಿತ್ತು. ಅವಳು ಮೊದಲು ಮನೆ ನಿಂತಿದೆಯೇ ಎಂದು ನೋಡಿದಳು, ಆಮೇಲೆ ಗಂಡ ನಿಂತಿದ್ದಾನೆಯೇ ಎಂದು ನೋಡಿದಳು. ಅನಂತರಾಜು ಅವಳನ್ನು ಕಂಡ. ಕಂಡ ಮೇಲೆ ಅವನಿಗೆ ಗೋಡೆಯ ಕಡೆ ತಿರುಗುವುದೊಂದೇ ದಾರಿಯಾಯಿತು. ಗೋಡೆಗೇ ಹೇಳುವವನಂತೆ ಶುರು ಮಾಡಿದ.

"ಒಬ್ನೇ ಉಣ್ಣೋದು ಕಷ್ಟ."

"ಬರ್ಕೊಳ್ರಿ," ಅಂದರು ಇನ್ಸ್‌ಪೆಕ್ಟರು. "ಒಂದು. ಏಕಾಂಗಿಯಾಗಿ ಭೋಜನ ಮಾಡುವುದು ಕಷ್ಟಕರವಾಗಿರುತ್ತದೆ. ಮುಂದೆ?"

"ಎರಡು ಮುದ್ದೆ ಮಾಡೋದು ತಪ್ಪು."

"ಯಾಕೆ ತಪ್ಪು?"

"ಇರೋನು ಒಬ್ನೇ ಅಲ್ವ ಸಾ. ಕೈಗೆ ಅಭ್ಯಾಸ. ದಿನಾ ಎರಡು ಕಟ್ಬುಡ್ತೀನಿ."

ಜನರಲ್ಲಿ ಯಾರೋ ನಕ್ಕರು, ಯಾರೋ ಸುಮ್ಮನಿರಿಸಿದರು. ದೊಡ್ಡಹನುಮಯ್ಯ ನಿಧಾನವಾಗಿ ಹಿಂದಕ್ಕೆ ತಿರುಗಿ ತಮ್ಮ ಮನೆಯ ಗೋಡೆಯನ್ನು ನೋಡಿದರು.

"ಮೂರು?"

"ಹಸಗಳ ಜೊತೆ ಮಾತಾಡೋದು ದಿನಾ ಐತೆ."

ಲೆಕ್ಕಿಗರು ಬರೆಯುತ್ತಿದ್ದವರು ತಲೆ ಎತ್ತಿದರು. ಇನ್ಸ್‌ಪೆಕ್ಟರು ಅವನ ಬೆನ್ನನ್ನು ನೋಡಿ, ತಮ್ಮ ಪೆನ್ನಿಗೆ ಕ್ಯಾಪು ಹಾಕಿದರು. "ಸಾಕು ಬಿಡಪ್ಪ," ಎಂದು ದನಿ ತಗ್ಗಿಸಿ ಹೇಳಿದರು. "ಉಳಿದದ್ದೂ ಇದೇ ತರಹ ಅಂತ ಬರ್ಕೋತೀವಿ. ಸರ್ಕಾರಕ್ಕೆ ಸಂಬಂಧಿಸಿದ್ದಲ್ಲ ಅಂತ ಮುಗಿಸೋಣ."

"ಓದ್ಲಿ ಬುಡಿ ಸಾ," ಎಂದು ಹಿಂದಿನಿಂದ ವೆಂಕಟಲಕ್ಷ್ಮಮ್ಮನ ದನಿ ಬಂತು. "ಐದು ಸಾಲು ಅಂತ ಬರ್ಕಂಡಿದ್ದೀರಲ್ಲ."

ಊರು ಪೂರ್ತಿ ತಿರುಗಿ ಅವಳನ್ನು ನೋಡಿತು, ಆಮೇಲೆ ಪೂರ್ತಿ ತಿರುಗಿ ಅವನನ್ನು ನೋಡಿತು.

"ಬರೋ ಬಸ್ಸೆಲ್ಲಾ ನೋಡೋದೇ ನನ್ ಕೆಲ್ಸ," ಅಂದ ಗೋಡೆಗೆ.

"ದಿನಕ್ಕೆ ಎಷ್ಟು ಬಸ್ಸು?" ಲೆಕ್ಕಿಗರು ಅಭ್ಯಾಸಬಲದಿಂದ ಕೇಳಿಬಿಟ್ಟರು.

"ಏಳು. ಭಾನುವಾರ ಐದು."

"ಐದನೇದು?" ಇನ್ಸ್‌ಪೆಕ್ಟರು ಮೆಲ್ಲಗೆ ಕೇಳಿದರು.

"ಬಾಗ್ಲಿಗೆ ಬೀಗ ಹಾಕೋದು ಬ್ಯಾಡ."

"ಅಂದ್ರೆ?"

"ನಾನು ಹೊಲಕ್ ಹೋಗಿದ್ದಾಗ ಬಂದ್ರೆ... ಬೀಗ ನೋಡ್ಬುಟ್ಟು, ಹಂಗೇ ವಾಪಸ್ ಹೊಂಟೋದಾಳು ಅಂತ."

ಲೆಕ್ಕಿಗರು, ಬೀಗದ ಅವಶ್ಯಕತೆ ಕಂಡುಬರುವುದಿಲ್ಲ ಎಂದು ಬರೆದು, ಮುಂದೆ ಏನು ಬರೆಯುವುದೆಂದು ತಿಳಿಯದೆ, ಒಂದು ಚುಕ್ಕಿ ಇಟ್ಟು ಅದನ್ನೇ ದಪ್ಪ ಮಾಡುತ್ತ ಕೂತರು.

ವೆಂಕಟಲಕ್ಷ್ಮಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದಳು. "ಇದ್ನ ಫೋನಲ್ಲಿ ಹೇಳಕ್ಕಾಯ್ತಿರ್ಲಿಲ್ವಾ?"

"ಅಲ್ಲಿ ನಾಕ್ ಜನ ಇರ್ತಾರೆ," ಅಂದ ಅನಂತರಾಜು.

ಆ ಹೊತ್ತಿನಲ್ಲಿ ಅವನ ಸುತ್ತ ನೂರೈವತ್ತು ಜನ, ಎರಡು ದರ್ಜೆಯ ಅಧಿಕಾರಿಗಳು ಮತ್ತು ಒಬ್ಬ ಜೀಪ್ ಡ್ರೈವರು ಇದ್ದರು. ಅದನ್ನು ಯಾರೂ ಅವನಿಗೆ ನೆನಪಿಸಲಿಲ್ಲ. ಬೆಂಚಿನ ನಾಲ್ವರು ಮಾತ್ರ ತಲೆ ತಗ್ಗಿಸಿದರು.

"ಸಾರ್," ಲೆಕ್ಕಿಗರು ಕೆಮ್ಮಿದರು, "ಉಳಿದ ಹನ್ನೊಂದು ಮನೆ?"

ಇನ್ಸ್‌ಪೆಕ್ಟರು ದೊಡ್ಡಹನುಮಯ್ಯನವರ ಕಡೆ ತಿರುಗಿದರು. "ಏನ್ರಿ ಯಜಮಾನ್ರೆ, ನಿಮಗೂ ಒಬ್ಬರೇ ಉಣ್ಣೋದು ಕಷ್ಟಾನಾ?"

ಉತ್ತರ ಕೊಟ್ಟವರು ಅವರ ಹೆಂಡತಿ. "ನಮ್ಮನೇಲಿ ಹದ್ನೆಂಟ್ ಜನ ಸಾ. ಒಂದಿನನಾದ್ರೂ ಒಬ್ಳೇ ಕೂತು ಉಣ್ಣಾಣ ಅಂತ ಮದ್ವೆ ಆದಾಗಿಂದ ಕಾಯ್ತಾ ಇವ್ನಿ. ಬೇಕಾದ್ರೆ ಅದ್ನೂ ಬರ್ಕಳಿ."

ನಗು ಎದ್ದು ಆ ಬೀದಿ ಸ್ವಲ್ಪ ಹಗುರಾಯಿತು. ಇನ್ಸ್‌ಪೆಕ್ಟರು ಹನ್ನೊಂದು ಮನೆಯವರಿಗೂ ಸುಣ್ಣ ಬಳಿದುಕೊಳ್ಳಲು ಹೇಳಿದರು. ಮನೆ ಉಳಿಯಿತೆಂದು ಕೆಲವರಿಗೆ ನಿರಾಳವಾಯಿತು, ಕೆಲಸ ಹೋಯಿತೆಂದು ಕೆಲವರಿಗೆ ಬೇಸರವಾಯಿತು. ಇನ್ಸ್‌ಪೆಕ್ಟರು ವೆಂಕಟಲಕ್ಷ್ಮಮ್ಮನ ಕಡೆ ತಿರುಗಿ, ಕಾನೂನಿನಲ್ಲಿ ಇಂಥದೊಂದು ಕಲಮು ನಿಜವಾಗಿಯೂ ಇದೆಯೇನೋ ಅನ್ನುವಷ್ಟು ಗಂಭೀರವಾಗಿ, "ನಿಮ್ಮ ಹೇಳಿಕೆಯೂ ಬೇಕಮ್ಮ. ಯಾವಾಗ ಬರ್ತೀರಿ ಅಂತ. ಇಲ್ಲದಿದ್ರೆ ಫೈಲು ಮುಗಿಯಲ್ಲ," ಅಂದರು.

ಅವಳು ಐಡಿ ಕಾರ್ಡನ್ನು ಬೆರಳಿಗೆ ಸುತ್ತಿಕೊಂಡು ಬಿಡಿಸಿದಳು. "ಕೆಲ್ಸ ಬುಡಾಕಿಲ್ಲ ಸಾ. ಮಿಷನ್ ಮುಂದೆ ಕೂತ್ರೆ ನಾನೂ ಒಬ್ಳು ಇವ್ನಿ ಅನ್ಸ್ತದೆ."

"ಬಿಡಿ ಅಂತ ನಾನೂ ಬರೆಯಲ್ಲ."

"ಅಲ್ಲಿಂದ ವ್ಯಾನು ಈ ಕಡೆಗೆ ಬರಾಕಿಲ್ಲ. ಶನಿವಾರ ಒಸಿ ಬೇಗ ಬುಡ್ತಾರೆ." ಅವಳು ಗಂಡನನ್ನು ನೋಡಿದಳು. "ಶನಿವಾರ ಸಂಜೆ ಬತ್ತೀನಿ, ಸೋಮವಾರ ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಹೋಯ್ತೀನಿ. ಹಂಗೇ ಬರ್ಕಳಿ. ಆಯ್ತೇನ್ರಿ?"

ಅನಂತರಾಜು ಗೋಡೆಯಿಂದ ಈ ಕಡೆ ತಿರುಗಿ ತಲೆ ಆಡಿಸಿದ. ‘ಸದರಿಯವರು ತಲೆ ಆಡಿಸಿ ಒಪ್ಪಿರುತ್ತಾರೆ’ ಎಂದು ಲೆಕ್ಕಿಗರು ಬರೆದರು. ಸಾಕ್ಷಿಗಳಾಗಿ ದೊಡ್ಡಹನುಮಯ್ಯ, ಶುಕೂರ್ ಮತ್ತು ನಾನು ಸಹಿ ಹಾಕಿದೆವು. ಆ ಕಾಗದ ಈಗಲೂ ಯಾವುದೋ ಕಚೇರಿಯ ಬೀರುವಿನಲ್ಲಿರಬೇಕು.

ಹೊರಡುವಾಗ ನಾನು ಶುಕೂರನನ್ನು ಪಕ್ಕಕ್ಕೆ ಕರೆದು ಕೇಳಿದೆ. "ಮನೆ ಹೋಗುತ್ತದೆ ಅಂತ ನೀನು ನಿಜವಾಗಿಯೂ ನಂಬಿದ್ದೆಯೇನಪ್ಪ?"

ಅವನು ಕೈಯಲ್ಲಿದ್ದ ಪಂಪನ್ನು ನೋಡಿಕೊಂಡ. "ನಿಖಾತ್ ಮಂಗಳವಾರವೇ ಓದಿ ಹೇಳಿದ್ಲು ಮೇಡಂ," ಅಂದ.

ಸೋಮವಾರ ವೆಂಕಟಲಕ್ಷ್ಮಮ್ಮ ಹೇಳಿದ ಹಾಗೆಯೇ ಮೊದಲನೆಯ ಬಸ್ಸಿಗೆ ಹೋದಳು. ಮಂಗಳವಾರದ ಪಾಠಕ್ಕೆ ಅನಂತರಾಜು ಬಂದ. ಎರಡು ಸಲ ಕೇಳಿದರೂ ಪ್ರಶ್ನೆ ಅವನ ಕಿವಿಗೆ ಬೀಳಲಿಲ್ಲ, ನಾನು ಪುಸ್ತಕ ಮುಚ್ಚಿದೆ. ಶನಿವಾರ ಬರಲಿಲ್ಲ. ನಾಲ್ಕೂಕಾಲರವರೆಗೆ ಕಾದು, ಮಾತ್ರೆ ತರೋಣ ಎಂದು ಪೇಟೆಗೆ ಹೊರಟೆ. ಚನ್ನಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ, ಕನಕಪುರದಿಂದ ರಾಮನಗರದ ಮೇಲೆ ಬರುವ ಬಸ್ಸುಗಳು ನಿಲ್ಲುವ ಕಡೆ, ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕೂತಿದ್ದ. ನನ್ನನ್ನು ಕಂಡು ಕ್ಲಾಸಿಗೆ ಚಕ್ಕರ್ ಹಾಕಿ ಸಿಕ್ಕಿಬಿದ್ದ ಹುಡುಗನ ಹಾಗೆ ಎದ್ದು ನಿಂತ.

"ಅವರ ಬಸ್ಸು ಎಷ್ಟೊತ್ತಿಗೆ?" ಎಂದು ಕೇಳಿದೆ.

"ಆರೂವರೆಗೆ ಮೇಡಂ."

"ಇನ್ನೂ ಎರಡು ಗಂಟೆ ಇದೆಯಲ್ಲಪ್ಪ. ಮನೆಯಲ್ಲಿದ್ದು ನಿಧಾನವಾಗಿ ಬರಬಹುದಿತ್ತು."

ಅವನು ಹೆಗಲ ಮೇಲಿನ ಟವೆಲ್ಲು ತೆಗೆದು ಬೆಂಚಿನ ಧೂಳು ಹೊಡೆದು ನನಗೂ ಜಾಗ ಮಾಡಿದ.

"ಅಲ್ಲಿದ್ರೂ ಕಾಯೋದೇ ಮೇಡಂ," ಅಂದ. "ಇಲ್ಲಾದ್ರೆ ಒಸಿ ಹತ್ರ ಆಯ್ತದೆ."